ಕಾಸ್ಮಿಕ್ ಡಿಸ್ಕೋ ಹೊಸ ರಿಲೀಸ್‌ಗಳು: ಟ್ಯಾಗ್ ಬಿಡಿ, ಸ್ಪೀಡ್ ಇಳಿಸಿ ಕೇಳಿ

ನಮಸ್ಕಾರ ಸರ್. ಪ್ರತಿ ಶುಕ್ರವಾರ ‘ಕಾಸ್ಮಿಕ್ ಡಿಸ್ಕೋ’, ‘ಹೌಸ್’ ಅಂತ (ಎರಡೂ ಕ್ಲಬ್ಬಲ್ಲಿ ಕುಣಿಯೋ ಸಂಗೀತದ ಟ್ಯಾಗ್‌ಗಳು) ಹುಡುಕಿದ್ರೆ ರಾಶಿಗಟ್ಟಲೆ ಹೊಸ ಟ್ರ್ಯಾಕ್ ಬರ್ತವೆ, ಹತ್ತು ಕೇಳೋಷ್ಟರಲ್ಲಿ ಎಲ್ಲಾ ಒಂದೇ ಥರ ಅನ್ಸುತ್ತೆ, ದುಡ್ಡು ಕೊಟ್ಟು ತಗೊಂಡದ್ದೂ ಎರಡು ವಾರಕ್ಕೆ ಬೇಜಾರಾಗುತ್ತೆ, ಹೇಗೆ ಆರಿಸ್ಬೇಕು ಅಂತ ಕೇಳಿದ್ದೀರಿ. ನನಗೂ ಶುರುವಿನಲ್ಲಿ ಹೀಗೇ ಆಗಿತ್ತು. ತಪ್ಪು ನಿಮ್ಮ ಕಿವಿಯದ್ದಲ್ಲ, ಆ ಟ್ಯಾಗಿನದ್ದು.

ಕಾಸ್ಮಿಕ್ ಅನ್ನೋದು ಮೂಲದಲ್ಲಿ ಒಂದು ಕ್ಲಬ್ಬಿನ ಹೆಸರು. ಇಟಲಿಯ ಗಾರ್ದಾ ಸರೋವರದ ದಡದಲ್ಲಿರೋ ಲಾಟ್ಸೀಜೆ ಊರಲ್ಲಿ 1979ರಲ್ಲಿ ಶುರುವಾಗಿ 1984ರಲ್ಲಿ ಮುಚ್ಚಿಹೋಯ್ತು. ಅಲ್ಲಿನ ಡಿಜೆ ದಾನಿಯೆಲೆ ಬಾಲ್ದೆಲ್ಲಿ ಬರೀ ಡಿಸ್ಕೋ ಹಾಕ್ತಿರ್ಲಿಲ್ಲ. ಜರ್ಮನಿಯ ಸಿಂಥ್ (ಸಿಂಥಸೈಜರ್) ಸಂಗೀತ, ಆಫ್ರಿಕಾದ ತಾಳವಾದ್ಯ, ಬ್ರೆಜಿಲ್‌ನ ಹಾಡು ಎಲ್ಲವನ್ನೂ ಒಂದಕ್ಕೊಂದು ಹೆಣೀತಿದ್ರು. 45 ಆರ್‌ಪಿಎಂ (ನಿಮಿಷಕ್ಕೆ 45 ಸುತ್ತು) ರೆಕಾರ್ಡನ್ನ 33ರಲ್ಲಿ ಓಡಿಸೋದು, 33ರದ್ದನ್ನ 45ಕ್ಕೆ ಏರಿಸೋದು ಅವರಿಗೆ ದಿನದ ಕೆಲಸ. ಅಂದ್ರೆ ಕಾಸ್ಮಿಕ್ ಹುಟ್ಟಿದ್ದು ಸ್ಟುಡಿಯೋದಲ್ಲಲ್ಲ, ಟರ್ನ್‌ಟೇಬಲ್ ಮೇಲೆ. ಅದೊಂದು ನುಡಿಸೋ ರೀತಿ. ಹೆಸರಿಗೆ ಕಾಸ್ಮಿಕ್ ಅಂತ ಬರೆದುಕೊಂಡು ಬಂದ ಟ್ರ್ಯಾಕಿನಲ್ಲಿ ಆ ಗುಣ ಇರಲೇಬೇಕು ಅಂತೇನಿಲ್ಲ. ಬೇರೆ ಯಾವುದೋ ಹೆಸರಲ್ಲಿ ಬಂದದ್ದರಲ್ಲಿ ಅದು ಧಾರಾಳವಾಗಿ ಸಿಗುತ್ತೆ.

ಇದನ್ನ ನೀವೇ ಮಾಡಿ ನೋಡಿ. ಟರ್ನ್‌ಟೇಬಲ್ ಇಲ್ಲದಿದ್ರೂ ಪರವಾಗಿಲ್ಲ, ಆಡಾಸಿಟಿ ಸಾಫ್ಟ್‌ವೇರ್ ಉಚಿತ. ಅದರಲ್ಲಿ ‘ಚೇಂಜ್ ಸ್ಪೀಡ್ ಅಂಡ್ ಪಿಚ್’ ಒತ್ತಿ, ವಿನೈಲ್ ಆರ್‌ಪಿಎಂ ಅನ್ನೋ ಕಡೆ 45ರಿಂದ 33⅓ಗೆ ಇಳಿಸಿ. 130 ಬಿಪಿಎಂ (ನಿಮಿಷಕ್ಕೆ ಅಷ್ಟು ಬಡಿತ) ಇದ್ದ ಹೌಸ್ ಟ್ರ್ಯಾಕ್ 96ಕ್ಕೆ ಇಳಿಯುತ್ತೆ. ಶ್ರುತಿಯೂ ಜೊತೆಗೇ ಸುಮಾರು ಐದು ಸ್ವರಸ್ಥಾನ ಕೆಳಗೆ ಹೋಗುತ್ತೆ, ಅಂದ್ರೆ ಮಧ್ಯ ಷಡ್ಜ ಮಂದ್ರ ಪಂಚಮಕ್ಕೆ ಬಂದು ಕೂತ ಹಾಗೆ. ಡಿಜೆ ಸಾಫ್ಟ್‌ವೇರ್‌ನಲ್ಲಿ ಮಾಡೋದಾದ್ರೆ ಮಾಸ್ಟರ್ ಟೆಂಪೋ, ಕೀ ಲಾಕ್ ಇಂಥದ್ದನ್ನೆಲ್ಲ ಆಫ್ ಮಾಡ್ಲೇಬೇಕು. ಶ್ರುತಿ ಇಳಿಯದೆ ಬರೀ ವೇಗ ಇಳಿದ್ರೆ ಆ ತೂಕ ಬರೋದೇ ಇಲ್ಲ. ಕೆಲವು ಟ್ರ್ಯಾಕ್ ಹೀಗೆ ಇಳಿಸಿದ ತಕ್ಷಣ ಪೊಳ್ಳಾಗಿಬಿಡ್ತವೆ. ಕೆಲವದರಲ್ಲಿ ಅದುವರೆಗೆ ಕೇಳಿಸದೇ ಇದ್ದ ಬೇಸ್ ನಡಿಗೆ, ಹಿಂದೆ ಓಡ್ತಿದ್ದ ಸಿಂಥ್ ಎಲ್ಲಾ ಎದ್ದು ಬರುತ್ತೆ. ಎರಡನೇ ಥರದ್ದನ್ನ ಕಣ್ಣುಮುಚ್ಚಿ ತಗೊಳ್ಳಿ. ನನ್ನ ಹತ್ತಿರ ಇಷ್ಟು ವರ್ಷ ಉಳಿದಿರೋವೆಲ್ಲ ಇಂಥವೇ.

ಇನ್ನು ಯಾರನ್ನ ಹಿಂಬಾಲಿಸ್ಬೇಕು ಅನ್ನೋದು. ಟ್ಯಾಗ್ ಬಿಟ್ಟು ಲೇಬಲ್ ಹಿಡೀರಿ, ಅಂದ್ರೆ ರೆಕಾರ್ಡ್ ಹೊರತರೋ ಕಂಪನಿ. ಈ ದಾರಿಯನ್ನ 2000ದ ನಂತರ ಮತ್ತೆ ತೆರೆದವರು ನಾರ್ವೆಯವರು: ಲಿಂಡ್‌ಸ್ಟ್ರೋಮ್, ಪ್ರಿನ್ಸ್ ಥಾಮಸ್, ಟಾಡ್ ತೆರ್ಯೆ. ಥಾಮಸ್ ಅವರ ಲೇಬಲ್ ಫುಲ್ ಪುಪ್, ಲಿಂಡ್‌ಸ್ಟ್ರೋಮ್ ಅವರದು ಫೀಡೆಲಿಟಿ. ಓಸ್ಲೋದ್ದೇ ಸ್ಮಾಲ್‌ಟೌನ್ ಸೂಪರ್‌ಸೌಂಡ್ ಇದೆ. ಮ್ಯೂನಿಕ್‌ನ ಪರ್ಮನೆಂಟ್ ವೆಕೇಷನ್, ಗೆರ್ಡ್ ಯಾನ್ಸನ್ ನಡೆಸೋ ರನಿಂಗ್ ಬ್ಯಾಕ್ ಹೌಸ್ ಕಡೆಗೆ ಸ್ವಲ್ಪ ಹೆಚ್ಚು ವಾಲುತ್ತವೆ. ಬ್ಯಾಂಡ್‌ಕ್ಯಾಂಪ್ ಅನ್ನೋ ಸಂಗೀತ ಮಾರೋ ಸೈಟಿನಲ್ಲಿ ಲೇಬಲ್‌ಗಳನ್ನ ಫಾಲೋ ಮಾಡಿದ್ರೆ ಹೊಸದು ಬಂದಾಗ ಮೇಲ್ ಬರುತ್ತೆ. ನಾಲ್ಕೈದು ಲೇಬಲ್ ಸಾಕು, ಐವತ್ತು ಬೇಡ.

ಎರಡು ನಿಮಿಷದ ಪ್ರಿವ್ಯೂ ಕೇಳಿ ತೀರ್ಮಾನ ಮಾಡ್ಬೇಡಿ. ಈ ಸಂಗೀತ ನಿಧಾನಕ್ಕೆ ಕಟ್ಟೋ ಸಂಗೀತ. ಲಿಂಡ್‌ಸ್ಟ್ರೋಮ್ ಅವರ 2008ರ ಆಲ್ಬಮ್ಮಿನ ಮೊದಲ ಟ್ರ್ಯಾಕೇ ಹತ್ತಿರ ಹತ್ತಿರ 29 ನಿಮಿಷ ಇದೆ. ಅದರ ಯಾವ ಎರಡು ನಿಮಿಷ ಕತ್ತರಿಸಿ ಕೊಟ್ರೂ ಏನೂ ಗೊತ್ತಾಗಲ್ಲ. ಹೌಸ್ ಟ್ರ್ಯಾಕ್‌ಗಳಲ್ಲಂತೂ ಶುರುವಿನ ಒಂದು ನಿಮಿಷ ಡಿಜೆಗೆ ಮಿಕ್ಸ್ ಮಾಡೋಕೆ ಅಂತ ಬರೀ ಡ್ರಮ್ ಬಿಟ್ಟಿರ್ತಾರೆ. ನಡುವಿನಿಂದ ಕೇಳಿ, ಆಮೇಲೆ ಪೂರ್ತಿ ಕೇಳಿ. ಫೋನ್ ಸ್ಪೀಕರ್‌ನಲ್ಲಿ ಮಾತ್ರ ಬೇಡ, ಕಿಕ್ಕಿನ (ದಪ್ಪ ಡ್ರಮ್ಮಿನ ಹೊಡೆತದ) ಜೀವ ಇರೋದು 50-60 ಹರ್ಟ್ಸ್ ಆಸುಪಾಸಿನಲ್ಲಿ, ಅದು ಅಲ್ಲಿ ಕೇಳೋದೇ ಇಲ್ಲ.

ಇನ್ನೊಂದು ಮಾತು. ಶುಕ್ರವಾರದ ಪಟ್ಟಿಯಲ್ಲಿ ಮರುಬಿಡುಗಡೆಗಳನ್ನ ದಾಟಿಕೊಂಡು ಹೋಗ್ಬೇಡಿ. 1982ರಲ್ಲಿ ಮುಂಬೈಯ ಚರಣ್‌ಜಿತ್ ಸಿಂಗ್, ಹಿಂದಿ ಸಿನಿಮಾ ಹಾಡುಗಳಿಗೆ ನುಡಿಸ್ತಿದ್ದವರು, ರೋಲ್ಯಾಂಡ್ ಕಂಪನಿಯ 808 ಡ್ರಮ್ ಮಷೀನ್, 303 ಬೇಸ್ ಮಷೀನ್, ಜುಪಿಟರ್-8 ಸಿಂಥ್ ಇಟ್ಕೊಂಡು ಹತ್ತು ರಾಗಗಳನ್ನ ಡಿಸ್ಕೋ ತಾಳಕ್ಕೆ ಕೂರಿಸಿದ್ರು. ಆಗ ಯಾರೂ ಹೆಚ್ಚು ಗಮನಿಸ್ಲಿಲ್ಲ. ಅದೇ 303 ಮಷೀನಿನಿಂದ ಶಿಕಾಗೋದವರು ಆಸಿಡ್ ಹೌಸ್ ಅನ್ನೋ ಹೌಸಿನ ಬಗೆ ಹುಟ್ಟಿಸಿದ್ದು ಇದಾಗಿ ಕೆಲವು ವರ್ಷಕ್ಕೆ. 2010ರಲ್ಲಿ ರೆಕಾರ್ಡ್ ಮತ್ತೆ ಹೊರಗೆ ಬಂದಾಗ ಯೂರೋಪಿನ ಡಿಜೆಗಳೇ ಬೆರಗಾದ್ರು. ಅದರಲ್ಲಿರೋ ಭೂಪಾಲಿ ಅಂದ್ರೆ ನಮ್ಮ ಮೋಹನ, ಮಾಲಕಂಸ್ ಅಂದ್ರೆ ಹಿಂದೋಳ. ಕರ್ನಾಟಕ ಸಂಗೀತ ಕೇಳಿ ಬೆಳೆದವರಾದ್ರೆ ನಿಮಗೆ ಇದೇ ಸುಲಭದ ಬಾಗಿಲು. ನಾನಾದ್ರೆ ಈ ವಾರ ಹೊಸದೇನೂ ಕೊಳ್ಳದೆ ಇದೊಂದನ್ನ ಹೆಡ್‌ಫೋನ್‌ನಲ್ಲಿ ಮೂರು ಸಲ ಕೇಳ್ತೀನಿ.

ನೀವು ಈಚೆಗೆ ತಗೊಂಡು ಬೇಜಾರಾದ ಟ್ರ್ಯಾಕ್‌ಗಳ ಹೆಸರು ಇಲ್ಲೇ ಹಾಕಿ. ಎಲ್ಲವನ್ನೂ 33ಕ್ಕೆ ಇಳಿಸಿ ಕೇಳಿ, ಯಾವುದು ನಿಲ್ಲುತ್ತೆ ಅಂತ ಹೇಳ್ತೀನಿ.