ಎಂಆರ್‌ಐ ವರದಿಯಲ್ಲಿ ‘ಸವಕಳಿ’ ಎಂದಿದ್ದರೆ ಪರಿಹಾರದ ಅರ್ಜಿ ಬಿದ್ದುಹೋಗುತ್ತದೆಯೇ?

ಕೆಲಸದಲ್ಲಿ ಭಾರ ಎತ್ತುವಾಗ ಸೊಂಟ ಹಿಡಿದುಕೊಂಡು ನೋವು ಎಡಗಾಲಿಗೆ ಇಳಿಯಿತು, ಎಕ್ಸ್-ರೇಯಲ್ಲಿ ಏನೂ ಕಾಣಲಿಲ್ಲ, ಎಂಆರ್‌ಐ ವರದಿಯಲ್ಲಿರುವ ‘ಡಿಸ್ಕ್ ಸವಕಳಿ’ (ಬೆನ್ನುಮೂಳೆಯ ಮಣಿಗಳ ನಡುವಿನ ಮೆತ್ತೆ ಸವೆದಿರುವುದು) ಎಂಬ ಮಾತನ್ನೇ ಹಿಡಿದು ವಿಮೆಯವರು ಪರಿಹಾರ ಕೊಡುವುದಿಲ್ಲ ಎನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ನಾನು ರೇಡಿಯಾಲಜಿಸ್ಟ್. ಇಂಥ ಚಿತ್ರಗಳನ್ನು ಓದಿ ವರದಿ ಬರೆಯುವುದೇ ನನ್ನ ಕೆಲಸ. ಅಷ್ಟಕ್ಕೇ ನಿಮ್ಮ ಅರ್ಜಿ ಬಿದ್ದುಹೋಗಬೇಕಾಗಿಲ್ಲ.

ಎಲ್ಲಕ್ಕಿಂತ ಮೊದಲು ಒಂದು ಮಾತು. ಮೂತ್ರ ಕಟ್ಟಿಕೊಂಡರೆ ಅಥವಾ ಹಿಡಿತ ತಪ್ಪಿದರೆ, ತೊಡೆಸಂದಿ ಜೋಮು ಹಿಡಿದರೆ, ಕಾಲಿನ ಬಲ ಕುಸಿಯುತ್ತಾ ಹೋದರೆ ಕಾಗದಪತ್ರಗಳನ್ನು ಬದಿಗಿಟ್ಟು ಕೂಡಲೇ ತುರ್ತು ಚಿಕಿತ್ಸೆಗೆ ಹೋಗಿ.

ಎಕ್ಸ್-ರೇ ತೋರಿಸುವುದು ಮುಖ್ಯವಾಗಿ ಮೂಳೆಯನ್ನು. ಡಿಸ್ಕ್, ನರ, ಮೂಳೆಗಳನ್ನು ಕಟ್ಟಿಹಿಡಿಯುವ ಅಸ್ಥಿರಜ್ಜು (ಲಿಗಮೆಂಟ್) ಅದರಲ್ಲಿ ಕಾಣುವುದಿಲ್ಲ. ಮೂಳೆಯ ವಿಷಯದಲ್ಲೂ ಅದು ಪೂರ್ತಿ ನಂಬಿಕಸ್ಥ ಸಾಕ್ಷಿಯಲ್ಲ: ಮಣಿಕಟ್ಟಿನ ಸ್ಕೇಫಾಯ್ಡ್ ಮೂಳೆ ಬಿರುಕು ಬಿಟ್ಟರೂ ಮೊದಲ ದಿನದ ಚಿತ್ರದಲ್ಲಿ ಕಾಣದೆ, 10–14 ದಿನಗಳ ನಂತರ ಮತ್ತೆ ತೆಗೆದಾಗ ಕಾಣುವುದುಂಟು. ‘ಎಕ್ಸ್-ರೇ ನಾರ್ಮಲ್, ಆದ್ದರಿಂದ ಗಾಯವೇ ಇಲ್ಲ’ ಎನ್ನುವ ವಾದಕ್ಕೆ ವೈದ್ಯಕೀಯ ಆಧಾರವಿಲ್ಲ.

ಸವಕಳಿಯ ಪ್ರಶ್ನೆ ಇಷ್ಟು ಸುಲಭವಲ್ಲ. ಬೆನ್ನುನೋವೇ ಇಲ್ಲದ 3,110 ಜನರ ಚಿತ್ರಗಳನ್ನು ಒಟ್ಟುಗೂಡಿಸಿದ 2015ರ ಒಂದು ಅಧ್ಯಯನದ ಪ್ರಕಾರ, 20ರ ವಯಸ್ಸಿನವರಲ್ಲೇ ಶೇ. 37ರಷ್ಟು ಮಂದಿಗೆ ಡಿಸ್ಕ್ ಸವಕಳಿಯಿತ್ತು. 80ರ ವಯಸ್ಸಿನವರಲ್ಲಿ ಅದು ಶೇ. 96. ಈ ಅಂಕಿಗಳನ್ನು ನಿಮ್ಮ ವಿರುದ್ಧ ಬಳಸಬಹುದು, ಚಿತ್ರದಲ್ಲಿರುವುದೆಲ್ಲ ಮೊದಲೇ ಇದ್ದದ್ದು ಎಂದು. ಆದರೆ ಅದೇ ಅಂಕಿಗಳು ನಿಮ್ಮ ಪರವಾಗಿಯೂ ನಿಲ್ಲುತ್ತವೆ: ಸವೆದ ಡಿಸ್ಕ್ ಇಟ್ಟುಕೊಂಡು ಅಷ್ಟೊಂದು ಜನ ನೋವಿಲ್ಲದೆ ದುಡಿಯುತ್ತಿದ್ದಾರೆ ಎಂದಮೇಲೆ, ನೀವೂ ಆ ದಿನದವರೆಗೆ ಹಾಗೆಯೇ ದುಡಿಯುತ್ತಿದ್ದಿರಬಹುದಲ್ಲವೇ? ಮೊದಲೇ ಇದ್ದ ತೊಂದರೆ ಕೆಲಸದಿಂದ ಉಲ್ಬಣಿಸಿದರೂ ಪರಿಹಾರ ಕೊಡುವ ಕಾನೂನು ಹಲವು ದೇಶಗಳಲ್ಲಿದೆ. ನಿಮಗೆ ಅನ್ವಯಿಸುವ ನಿಯಮವನ್ನು ವಕೀಲರಲ್ಲಿ ಕೇಳಿ ತಿಳಿದುಕೊಳ್ಳಿ.

ನನ್ನ ಮಟ್ಟಿಗೆ ಗಟ್ಟಿಯಾದ ಸಾಕ್ಷ್ಯವೆಂದರೆ ಚಿತ್ರಕ್ಕೂ ದೇಹಕ್ಕೂ ಇರುವ ತಾಳೆ. ಸೊಂಟದ ನಾಲ್ಕನೇ ಮತ್ತು ಐದನೇ ಕಶೇರುಗಳ (ಬೆನ್ನುಮೂಳೆಯ ಮಣಿಗಳ) ನಡುವಿನ ಡಿಸ್ಕ್ ಎಡಕ್ಕೆ ಚಾಚಿ ನರವನ್ನು ಒತ್ತುತ್ತಿದೆ, ವೈದ್ಯರ ಪರೀಕ್ಷೆಯಲ್ಲಿ ಎಡಗಾಲಿನ ಹೆಬ್ಬೆರಳನ್ನು ಮೇಲೆತ್ತುವ ಬಲ ಕುಗ್ಗಿದೆ ಎಂದಾದರೆ, ಆ ಬೆರಳನ್ನು ಎತ್ತಿಸುವುದು ಅದೇ ನರವಾದ್ದರಿಂದ ಎರಡೂ ಒಂದೇ ಕಥೆ ಹೇಳುತ್ತವೆ. ಚಾಚಿದ ಡಿಸ್ಕ್‌ಗೆ ದಿನಾಂಕ ಹಚ್ಚಲು ನನಗೆ ಸಾಧ್ಯವಿಲ್ಲ. ಆದರೆ ಮೂಳೆಗೆ ಹೊಸದಾಗಿ ಪೆಟ್ಟಾಗಿದ್ದರೆ ಒಳಗಿನ ಮಜ್ಜೆಯ ಊತ ಎಂಆರ್‌ಐಯಲ್ಲಿ ಬೆಳ್ಳಗೆ ಹೊಳೆಯುತ್ತದೆ. ವಾರಗಳು, ತಿಂಗಳುಗಳು ಕಳೆದಂತೆ ಅದು ಆರಿಹೋಗುತ್ತದೆ. ತಡವಾಗಿ ತೆಗೆಸಿದ ಚಿತ್ರ ದುರ್ಬಲವಾಗುವುದು ಇದೇ ಕಾರಣಕ್ಕೆ.

ಹಾಗಾಗಿ ಹಳೆಯ ಚಿತ್ರಗಳಿದ್ದರೆ ಹುಡುಕಿ ತೆಗೆಯಿರಿ. ಹಿಂದೆ ಬೆನ್ನುನೋವು ಇದ್ದಿದ್ದರೆ ಅದನ್ನು ಮುಚ್ಚಿಡಬೇಡಿ. ಆಗಿನ ಚಿತ್ರದಲ್ಲಿ ಇಲ್ಲದ್ದು ಈಗಿನದರಲ್ಲಿ ಇದ್ದರೆ ಅದಕ್ಕಿಂತ ಒಳ್ಳೆಯ ಆಧಾರ ಇನ್ನೊಂದಿಲ್ಲ. ಫಿಲ್ಮ್ ಮತ್ತು ವರದಿಯ ಹಾಳೆ ಸಾಲದು, ಡೈಕಾಮ್ ರೂಪದ (ಸ್ಕ್ಯಾನ್ ಯಂತ್ರದ ಮೂಲ ಡಿಜಿಟಲ್ ಕಡತ) ಪೂರ್ಣ ಚಿತ್ರಗಳಿರುವ ಸಿಡಿಯನ್ನೂ ಕೇಳಿ ಪಡೆಯಿರಿ. ಬೇರೊಬ್ಬ ತಜ್ಞರು ಸ್ವತಂತ್ರವಾಗಿ ಓದಬೇಕಾದಾಗ ಅದೇ ಬೇಕು.

ಎಂಆರ್‌ಐಗೆ ಬರೆದುಕೊಟ್ಟ ಚೀಟಿಯನ್ನೂ ಒಮ್ಮೆ ನೋಡಿ. ಎಷ್ಟೋ ಚೀಟಿಗಳಲ್ಲಿ ‘ಬೆನ್ನುನೋವು’ ಎಂಬ ಒಂದೇ ಪದವಿರುತ್ತದೆ. ಗಾಯವಾದದ್ದು ಯಾವಾಗ, ಹೇಗೆ, ಯಾವ ಕಾಲಿಗೆ ನೋವು ಇಳಿದಿದೆ ಎಂಬುದು ಓದುವವರಿಗೆ ಗೊತ್ತೇ ಆಗುವುದಿಲ್ಲ. ನಿಮ್ಮದೂ ಹಾಗಿದ್ದರೆ, ಚಿಕಿತ್ಸೆ ನೀಡುತ್ತಿರುವ ವೈದ್ಯರಿಂದ ಆ ವಿವರಗಳನ್ನು ಬರೆಸಿ, ಅದೇ ಚಿತ್ರಗಳನ್ನು ಮರಳಿ ಓದಿ ಪೂರಕ ವರದಿ ಕೊಡುವಂತೆ ಸ್ಕ್ಯಾನ್ ಕೇಂದ್ರದಲ್ಲಿ ಲಿಖಿತವಾಗಿ ಕೇಳಿ. ‘ಕೆಲಸದಿಂದಲೇ ಆಯಿತು’ ಎಂದು ಬರೆಯಿರಿ ಎಂದು ರೇಡಿಯಾಲಜಿಸ್ಟರನ್ನು ಒತ್ತಾಯಿಸಬೇಡಿ. ಆ ಸಂಬಂಧವನ್ನು ವಿವರಿಸಬೇಕಾದವರು ನಿಮ್ಮನ್ನು ಮುಟ್ಟಿ ಪರೀಕ್ಷಿಸಿದ ವೈದ್ಯರು.