ಓದುಗರ ಪ್ರಶ್ನೆ: ಕೊಳೆರೋಗವೂ ಅಣಬೆಯೂ ಒಂದೇ ಕುಲವೇ?

ಪ್ರಶ್ನೆ: ಮಳೆಗಾಲ ಹಿಡಿದೊಡನೆ ನಮ್ಮ ಅಡಿಕೆ ತೋಟಕ್ಕೆ ಕೊಳೆರೋಗ ಬರುತ್ತದೆ, ನೆಲದಲ್ಲಿ ಬಗೆಬಗೆಯ ಅಣಬೆಗಳೂ ಏಳುತ್ತವೆ. ಎರಡೂ ಶಿಲೀಂಧ್ರಗಳೆಂದು ಕೇಳಿದ್ದೇನೆ. ಹಾಗಾದರೆ ಬೋರ್ಡೋ ದ್ರಾವಣವನ್ನು ನೆಲಕ್ಕೂ ಸುರಿದು ಅಣಬೆಗಳನ್ನು ತೊಲಗಿಸಬೇಕೇ?
– ತೀರ್ಥಹಳ್ಳಿ ತಾಲ್ಲೂಕಿನ ಓದುಗರು

ಉತ್ತರ: ದಯವಿಟ್ಟು ಸುರಿಯಬೇಡಿ. ಕೊಳೆರೋಗವನ್ನು ತರುವ ಫೈಟಾಫ್ತೊರಾ ನೋಡಲು ಬೂಷ್ಟಿನಂತಿದ್ದರೂ ನಿಜವಾದ ಶಿಲೀಂಧ್ರವಲ್ಲ. ಶಿಲೀಂಧ್ರಗಳ ಕೋಶಭಿತ್ತಿಯ ಮುಖ್ಯ ವಸ್ತು ಕೈಟಿನ್, ಅಂದರೆ ಏಡಿ ಮತ್ತು ಕೀಟಗಳ ಹೊರಕವಚದಲ್ಲಿರುವ ವಸ್ತು. ಫೈಟಾಫ್ತೊರಾದ್ದು ಬಹುಪಾಲು ಗಿಡಮರಗಳಲ್ಲಿರುವಂಥ ಸೆಲ್ಯುಲೋಸ್ ಮತ್ತು ಅದರ ಹತ್ತಿರದ ಗ್ಲೂಕಾನ್ ಎಂಬ ವಸ್ತುಗಳು. ವಂಶದಲ್ಲಿ ಅದು ಕಂದು ಪಾಚಿಗಳ ಬಳಗಕ್ಕೆ ಸೇರಿದ್ದು, ಅದರ ಬೀಜಾಣುಗಳು ಚಾಟಿಯಂಥ ಎರಡು ಕಶಾಂಗಗಳನ್ನು ಆಡಿಸುತ್ತ ನೀರಿನ ಪದರದಲ್ಲಿ ಈಜಿ ಕಾಯನ್ನು ಸೇರುತ್ತವೆ. ನಮ್ಮ ಹಿರಿಯರು ಗೊನೆಗೆ ಕೊಟ್ಟೆ ಕಟ್ಟಿ ಮಳೆನೀರನ್ನು ತಡೆಯುತ್ತಿದ್ದುದು ಎಷ್ಟು ಸರಿಯಾದ ಉಪಾಯವಾಗಿತ್ತೆಂಬುದು ಇದರಿಂದಲೇ ತಿಳಿಯುತ್ತದೆ.

ಕೆನಡಾ ಮೂಲದ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದಲ್ಲಿ ಈ ರೋಗವನ್ನು ಅಭ್ಯಸಿಸಿ 1910ರಲ್ಲಿ ವರದಿ ಪ್ರಕಟಿಸಿದರು. ಕನ್ನಡದ 'ಕೊಳೆರೋಗ' ಎಂಬ ಹೆಸರು ಹಾಗೆಯೇ ವಿಜ್ಞಾನ ಸಾಹಿತ್ಯದಲ್ಲಿ ಉಳಿದಿದೆ. ಅವರ ಕಾಲದಲ್ಲಿ ಇಂಥ ಜೀವಿಗಳನ್ನೂ ಶಿಲೀಂಧ್ರಗಳ ಗುಂಪಿನಲ್ಲೇ ಇಡುತ್ತಿದ್ದರು. ಮೈಲುತುತ್ತವೂ ಸುಣ್ಣವೂ ಕೂಡಿದ ಬೋರ್ಡೋ ದ್ರಾವಣದ ತಾಮ್ರ ಕುಲಭೇದ ನೋಡದೆ ಜೀವಕೋಶದ ಅನೇಕ ಪ್ರೋಟೀನುಗಳನ್ನು ಕೆಡಿಸುತ್ತದೆ. ಆದ್ದರಿಂದಲೇ ಗೊನೆಯ ಮೇಲೆ ಅದು ಫಲ ಕೊಡುತ್ತದೆ, ಆದ್ದರಿಂದಲೇ ಅದನ್ನು ನೆಲಕ್ಕೆ ಸುರಿಯಬಾರದು: ತಾಮ್ರ ಕರಗಿ ಹೋಗದೆ ವರ್ಷದಿಂದ ವರ್ಷಕ್ಕೆ ಮೇಲ್ಮಣ್ಣಿನಲ್ಲಿ ಕೂಡುತ್ತ ಹೋಗುತ್ತದೆ.

ಆ ಮಣ್ಣಿನಲ್ಲಿರುವವರು ಯಾರು? ಅಣಬೆಯೆಂದು ನಮ್ಮ ಕಣ್ಣಿಗೆ ಬೀಳುವುದು ಫಲಭಾಗ ಮಾತ್ರ. ದೇಹವೆಲ್ಲ ನೂಲಿಗಿಂತ ತೆಳುವಾದ ಎಳೆಗಳಾಗಿ ಕೆಳಗೆ ಹರಡಿರುತ್ತದೆ. ಮರಕ್ಕೆ ಗಡಸುತನ ಕೊಡುವ ಲಿಗ್ನಿನ್ ಅನ್ನು ಪೂರ್ಣವಾಗಿ ಒಡೆಯಬಲ್ಲ ಜೀವಿಗಳಲ್ಲಿ ಕೆಲವು ಬಗೆಯ ಅಣಬೆಗಳೇ ಮೊದಲಿಗರು. ಬಿದ್ದ ಸೋಗೆ, ಹಾಳೆ, ಕಾಂಡಗಳು ಗೊಬ್ಬರವಾಗಿ ಮರಳುವುದು ಬಹುಪಾಲು ಅವುಗಳಿಂದಲೇ. ಅಣಬೆ ಬಿಡದ, ಕಣ್ಣಿಗೇ ಕಾಣದ ಇನ್ನೊಂದು ಗುಂಪು ಅಡಿಕೆಯ ಬೇರಿನ ಕೋಶಗಳೊಳಗೇ ನೆಲೆಸಿ, ಬೇರು ತಲುಪದ ಕಡೆಯಿಂದ ರಂಜಕವನ್ನು ತಂದುಕೊಟ್ಟು ಮರದಿಂದ ಆಹಾರ ಪಡೆಯುತ್ತದೆ. ಬೇರಿಗೂ ಶಿಲೀಂಧ್ರಕ್ಕೂ ಇರುವ ಇಂಥ ನಂಟಿಗೆ ಜರ್ಮನಿಯ ಆಲ್ಬರ್ಟ್ ಫ್ರಾಂಕ್ 1885ರಲ್ಲಿ 'ಮೈಕೊರೈಜಾ' ಎಂದು ಹೆಸರಿಟ್ಟರು. ಸ್ಕಾಟ್ಲೆಂಡಿನ ರೈನಿ ಎಂಬಲ್ಲಿ ದೊರೆತ ಸುಮಾರು 40 ಕೋಟಿ ವರ್ಷ ಹಳೆಯ ಸಸ್ಯಗಳ ಪಳೆಯುಳಿಕೆಗಳಲ್ಲಿಯೂ ಈ ನಂಟು ಕಾಣುತ್ತದೆ. ಬೇರುಗಳೇ ಇಲ್ಲದ ಆ ಸಸ್ಯಗಳಿಗೂ ಶಿಲೀಂಧ್ರದ ಆಸರೆಯಿತ್ತೆಂಬುದನ್ನು ನೆನೆದಾಗಲೆಲ್ಲ ನನಗೆ ಬೆರಗಾಗುತ್ತದೆ.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ಬದುಕಿರುವ ಅಡಿಕೆ ಮರದ ಬುಡದಲ್ಲೇ ಗಟ್ಟಿಯಾದ, ತಟ್ಟೆಯಂಥ ಅಣಬೆ ಅಂಟಿಕೊಂಡಿದ್ದರೆ ಅದು ಗ್ಯಾನೊಡರ್ಮಾ ತರುವ ಅಣಬೆರೋಗದ ಗುರುತು. ಇದು ನಿಜವಾದ ಶಿಲೀಂಧ್ರವೇ. ಅಂಥ ಮರವನ್ನು ಬೇರುಸಹಿತ ತೆಗೆದು, ಸುತ್ತ ಕಂದಕ ತೋಡಿ, ನೀರು ನಿಲ್ಲದಂತೆ ಬಸಿಗಾಲುವೆ ಸರಿಪಡಿಸಿ. ಸೋಗೆಯ ನಡುವೆ ಎದ್ದ ಮೆತ್ತನೆಯ ಅಣಬೆಗಳನ್ನು ಅವುಗಳ ಪಾಡಿಗೆ ಬಿಟ್ಟುಬಿಡಿ. ಆದರೆ ಖಚಿತವಾಗಿ ಗುರುತು ತಿಳಿಯದೆ ಯಾವುದನ್ನೂ ಅಡುಗೆಮನೆಗೆ ಒಯ್ಯಬೇಡಿ.