ಡೈನೋಸಾರ್ ಹುಚ್ಚು ಹಿಡಿದ ಮಗನಿಗೆ ಮೊದಲು ಒಂದು ದಾರ ಕೊಡಿ

ಮೇಡಂ, ಎಂಟು ವರ್ಷದ ಮಗನಿಗೆ ಡೈನೋಸಾರ್ ಹುಚ್ಚು, ನನಗೆ ಏನೂ ಗೊತ್ತಿಲ್ಲ, ಎಲ್ಲಿಂದ ಶುರು ಮಾಡಲಿ, ಕರ್ನಾಟಕದಲ್ಲಿ ನೋಡೋಕೆ ಏನಾದರೂ ಸಿಗುತ್ತಾ ಅಂತ ಕೇಳಿದ್ದೀರಿ. ಅಕ್ಕನ ಮಗಳ ಜೊತೆ ನಾನೂ ಇದನ್ನೆಲ್ಲ ಕಲಿತವನು. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಹೆಸರುಗಳನ್ನು ಬಾಯಿಪಾಠ ಮಾಡಿಸೋದು ಆಮೇಲೆ. ಮೂರು ಮೀಟರ್ ದಾರ ತಗೊಳ್ಳಿ. ಒಂದು ಸೆಂಟಿಮೀಟರ್ ಅಂದರೆ ಒಂದು ಕೋಟಿ ವರ್ಷ. ಒಂದು ತುದಿ ಇವತ್ತಿನ ದಿನ. ಅಲ್ಲಿಂದ 6.6 ಸೆಂ.ಮೀ. ಅಳೆದು ಒಂದು ಗಂಟು ಹಾಕಿಸಿ. ಡೈನೋಸಾರ್‌ಗಳು ಅಳಿದದ್ದು ಅಲ್ಲಿ. (ಹಕ್ಕಿಗಳು ಮಾತ್ರ ಉಳಿದವು. ಕೋಳಿಯೂ ಅದೇ ವಂಶದ್ದು.) ಸುಮಾರು 23 ಸೆಂ.ಮೀ.ಗೆ ಇನ್ನೊಂದು ಗಂಟು. ಅವು ಮೊದಲು ಕಾಣಿಸಿಕೊಂಡದ್ದು ಅಲ್ಲಿ. ದೈತ್ಯ ಮಾಂಸಾಹಾರಿ ಡೈನೋಸಾರ್ ಟಿ. ರೆಕ್ಸ್ ಇದ್ದದ್ದು 6.6ರ ಗಂಟಿನ ಪಕ್ಕದಲ್ಲೇ. ಬೆನ್ನ ಮೇಲೆ ಹಲಗೆಗಳಿರುವ ಸ್ಟೆಗೊಸಾರಸ್ 15ರ ಹತ್ತಿರ. ಅಂದರೆ ಟಿ. ರೆಕ್ಸ್‌ಗೆ ಸ್ಟೆಗೊಸಾರಸ್‌ಗಿಂತ ನಾವೇ ಹತ್ತಿರ! ಮಕ್ಕಳು ಬೆರಳಿಟ್ಟು ಎರಡೆರಡು ಸಲ ಅಳೆದು ನೋಡುತ್ತಾರೆ.

ಈಗ ದಾರದ ಇನ್ನೊಂದು ತುದಿ. ಅದು ಲಾಲ್‌ಬಾಗ್ ಬಂಡೆ, ಸುಮಾರು 300 ಕೋಟಿ ವರ್ಷ ಹಳೆಯದು. ಆಗ ಪ್ರಾಣಿಗಳೇ ಇರಲಿಲ್ಲ. ನಮ್ಮ ರಾಜ್ಯದ ಬಹುಪಾಲು ಬಂಡೆಗಳು ಹೀಗೇ ಬಹಳ ಹಳೆಯವು. ಬೀದರ್, ವಿಜಯಪುರ, ಬೆಳಗಾವಿ ಕಡೆಯ ಕಪ್ಪು ಕಲ್ಲಿಗೆ ವಯಸ್ಸೇನೋ ಡೈನೋಸಾರ್ ಕಾಲಕ್ಕೆ ಸರಿಹೊಂದುತ್ತದೆ. ಆದರೆ ಅದು ಲಾವಾ ಹರಿದು ಗಟ್ಟಿಯಾದದ್ದು. ಮೂಳೆ ಉಳಿಯಬೇಕಾದರೆ ಅದರ ಮೇಲೆ ಮರಳು, ಕೆಸರು ಮುಚ್ಚಿಕೊಳ್ಳಬೇಕು. ಹಾಗಾಗಿ ಡೈನೋಸಾರ್ ನೋಡೋಕೆ ನಾವು ಪಕ್ಕದ ರಾಜ್ಯಕ್ಕೇ ಹೋಗಬೇಕು.

ನಮಗೆ ಹತ್ತಿರ ಅಂದರೆ ಹೈದರಾಬಾದ್. ಅಲ್ಲಿನ ಬಿರ್ಲಾ ಸೈನ್ಸ್ ಮ್ಯೂಸಿಯಂನಲ್ಲಿ ಕೋಟಸಾರಸ್‌ನ ಎಲುಬಿನ ಗೂಡು ನಿಲ್ಲಿಸಿದ್ದಾರೆ. ತೆಲಂಗಾಣದ ಯಾಮನಪಲ್ಲಿ ಹತ್ತಿರ ಸಿಕ್ಕಿದ್ದು. ಉದ್ದ ಕತ್ತಿನ, ಸೊಪ್ಪು ತಿನ್ನುವ ಪ್ರಾಣಿ, ಸುಮಾರು 9 ಮೀಟರ್. ಅದರ ಮುಂದೆ ನಿಂತಾಗ ಮಗನಿಗೆ ಒಂದೇ ಪ್ರಶ್ನೆ ಕೇಳಿ: ಇದರ ತಲೆ ಹೇಗೆ ಗೊತ್ತಾಯ್ತು? ಯಾಕೆಂದರೆ ಕೋಟಸಾರಸ್‌ನ ಮೈಮೂಳೆಗಳು ನೂರಾರು ಸಿಕ್ಕಿವೆ, ತಲೆಬುರುಡೆ ಸಿಕ್ಕಿಲ್ಲ. ಬರೀ ಹಲ್ಲು ಸಿಕ್ಕಿವೆ. ಕಾಣುವ ತಲೆ ಸಂಬಂಧಿಕ ಪ್ರಾಣಿಗಳನ್ನು ನೋಡಿ ಊಹಿಸಿದ್ದು.

ನನ್ನ ಪ್ರಕಾರ ಈ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಅಭ್ಯಾಸ ಇದು. ಯಾವ ಚಿತ್ರ ನೋಡಿದರೂ, ಯಾವ ಮೂಳೆ ನಿಜವಾಗಿ ಸಿಕ್ಕಿದೆ ಅಂತ ಹುಡುಕಬೇಕು. ಒಂದು ನೋಟ್‌ಬುಕ್ಕಿನಲ್ಲಿ ಎಲುಬಿನ ಗೂಡಿನ ಚಿತ್ರ ಬರೆದು, ಸಿಕ್ಕಿದ ಮೂಳೆಗೆ ಮಾತ್ರ ಬಣ್ಣ ಹಚ್ಚಲಿ. ಗುಜರಾತಿನ ರಾಜಾಸಾರಸ್‌ನಿಂದ ಶುರು ಮಾಡಬಹುದು. ಹಣೆಯ ಮೇಲೆ ಒಂದು ಕೊಂಬಿದ್ದ ಮಾಂಸಾಹಾರಿ ಅದು. ಅದರ ಮೂಳೆಗಳನ್ನು ಬಾಲಾಸಿನೋರ್ ಹತ್ತಿರದ ರೈಯೋಲಿಯಲ್ಲಿ 1980ರ ದಶಕದಲ್ಲಿ ಅಗೆದು ತೆಗೆದರು. ಹೆಸರು ಸಿಕ್ಕಿದ್ದು 2003ರಲ್ಲಿ. ಅಗೆದವರು ಯಾವ ಮೂಳೆ ಎಲ್ಲಿ ಬಿದ್ದಿತ್ತು ಅಂತ ನಕ್ಷೆ ಬರೆದಿಟ್ಟಿದ್ದರು. ಇಪ್ಪತ್ತು ವರ್ಷ ಕಳೆದ ಮೇಲೆ, ಕಲಸಿಹೋಗಿದ್ದ ರಾಶಿಯಲ್ಲಿ ಒಂದೇ ಪ್ರಾಣಿಯ ಮೂಳೆಗಳನ್ನು ಗುರುತಿಸೋಕೆ ಆ ನಕ್ಷೆಯೇ ಸಹಾಯಕ್ಕೆ ಬಂತು. ಇದನ್ನು ಮಗನಿಗೆ ಖಂಡಿತ ಹೇಳಿ. ನಾವು ಒಂದು ಟ್ರೇ ಮರಳಲ್ಲಿ ಬೇಳೆ, ಹುಣಸೆಬೀಜ ಹೂತಿಟ್ಟು, ಬ್ರಶ್‌ನಿಂದ ತೆಗೆಸಿ, ಪ್ರತಿಯೊಂದರ ಜಾಗ ಚೌಕುಳಿ ಹಾಳೆಯಲ್ಲಿ ಗುರುತು ಮಾಡಿಸಿದೆವು. ಒಂದು ಇಡೀ ಮಧ್ಯಾಹ್ನ ಮೊಬೈಲ್ ನೆನಪೇ ಆಗಲಿಲ್ಲ.

ರೈಯೋಲಿಯಲ್ಲಿ ಮೊಟ್ಟೆಗಳೂ ಸಿಕ್ಕಿವೆ, ಮ್ಯೂಸಿಯಂ ಇದೆ. ದೂರ ಜಾಸ್ತಿ, ದೊಡ್ಡ ರಜೆಗೆ ಇಟ್ಟುಕೊಳ್ಳಿ. ಮೊಟ್ಟೆ, ಮೂಳೆ ಅಂತ ಯಾರಾದರೂ ಮಾರೋಕೆ ಬಂದರೆ ಮಾತ್ರ ಕೊಳ್ಳಬೇಡಿ.

ಹೈದರಾಬಾದ್‌ಗೆ ಹೊರಡುವ ಮುಂಚೆ ಮ್ಯೂಸಿಯಂ ರಜೆ ಯಾವತ್ತು ಅಂತ ವಿಚಾರಿಸಿ. ಹಿಂದಿನ ದಿನ ಮನೆ ಮುಂದೆ ಸೀಮೆಸುಣ್ಣದಲ್ಲಿ 9 ಮೀಟರ್ ಗೆರೆ ಎಳೆಸಿ, ಬಾಲದಿಂದ ತಲೆವರೆಗೆ ಎಷ್ಟು ಹೆಜ್ಜೆ ಅಂತ ಅವನೇ ಎಣಿಸಲಿ. ದಾರವನ್ನೂ ಜೊತೆಗೆ ತಗೊಂಡು ಹೋಗಿ. ಕೋಟಸಾರಸ್ ಗಂಟು 18 ಸೆಂ.ಮೀ. ಹತ್ತಿರ ಬರುತ್ತದೆ. ಅದನ್ನು ಅಲ್ಲೇ, ಅದರ ಮುಂದೆ ನಿಂತು ಹಾಕಲಿ.